ತೊಟ್ಟಿಗೂ ಬೇಕು ಹೆಪ್ಪು

‘ಮಂಡಿನೋವಿನ ಅಮ್ಮನಿಗೆಂದು ಹಿತ್ತಲಲ್ಲಿ ಎತ್ತರದ ಮೀನಿನ ತೊಟ್ಟಿ ಕಟ್ಟಿಸಿದೆವು. ನೀರು ತಿಳಿಯಾಗಿಯೇ ಇದೆ. ಆದರೂ ಎರಡನೇ ವಾರದಲ್ಲಿ ಮೀನುಗಳೆಲ್ಲ ಸತ್ತವು. ಯಾಕೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ತೊಟ್ಟಿಯ ಅಳತೆ, ತಗುಲಿದ ಖರ್ಚು ಎಲ್ಲ ವಿವರವಾಗಿ ಬರೆದಿದ್ದಾರೆ. ಕಟ್ಟಿದ ಎಷ್ಟು ದಿನಕ್ಕೆ ಮೀನು ಬಿಟ್ಟರು ಎಂಬುದನ್ನು ಮಾತ್ರ ಬರೆದಿಲ್ಲ. ಉತ್ತರ ಇರುವುದು ಅಲ್ಲೇ.

ಕಟ್ಟುವ ಮಾತನ್ನು ಮೊದಲು ಮುಗಿಸೋಣ. ಅಗ್ಗದ ದಾರಿ ಎಂದರೆ ಬಾವಿಗೆ ಇಳಿಸುವ ಸಿಮೆಂಟ್ ರಿಂಗು. ನಾಲ್ಕಡಿ ಅಗಲದ, ಒಂದಡಿ ಎತ್ತರದ ಎರಡು ರಿಂಗುಗಳನ್ನು ಕಾಂಕ್ರೀಟ್ ಹಾಸಿನ ಮೇಲೆ ಒಂದರ ಮೇಲೊಂದು ಕೂರಿಸಿ ಸಂದು ಮುಚ್ಚಿದರೆ ತೊಟ್ಟಿ ಸಿದ್ಧ. ಎರಡಡಿ ಎತ್ತರವಾದರೆ ಕುರ್ಚಿಯಲ್ಲೋ ಗಾಲಿಕುರ್ಚಿಯಲ್ಲೋ ಕೂತವರ ಕೈಗೆ ನೀರು ಎಟಕುತ್ತದೆ. ಅಗಲ ನಾಲ್ಕಡಿ ಮೀರದಿರಲಿ. ಸುತ್ತಲೂ ಓಡಾಡಲು ಜಾಗವಿದ್ದರೆ ನಡುಮಧ್ಯದ ಎಲೆಯನ್ನೂ ಬಗ್ಗದೆ ತೆಗೆಯಬಹುದು. ತಳದಲ್ಲಿ ಒಂದು ನಲ್ಲಿ ಕೂರಿಸಿ. ನೆಲದಲ್ಲಿ ತೋಡಿದ ಹೊಂಡಕ್ಕಿಲ್ಲದ ಅನುಕೂಲ ಇದು: ತಿರುಗಿಸಿದರೆ ಸಾಕು, ನೀರು ತಾನಾಗಿ ಹೊರಬರುತ್ತದೆ, ಬಕೆಟ್ ಎತ್ತುವ ಕೆಲಸವಿಲ್ಲ. ಪುಟ್ಟ ಮಕ್ಕಳಿರುವ ಮನೆಯಾದರೆ ಬಾಯಿಗೆ ಗಟ್ಟಿ ಜಾಲರಿ ಬೇಕು.

ತಾರಸಿಯ ಮೇಲೆ ಕಟ್ಟಬಹುದೇ ಎಂದು ಕೇಳುವವರಿಗೆ ಒಂದು ಲೆಕ್ಕ. ಅರ್ಧ ಮೀಟರ್ ಆಳದ ನೀರು ಚದರ ಮೀಟರಿಗೆ 500 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಹಿಡಿಯುವ ಹೊರೆ ಸುಮಾರು 150 ಕಿಲೋ. ಎಂಜಿನಿಯರ್ ಒಪ್ಪದೆ ಮೇಲೆ ಕಟ್ಟಬೇಡಿ.

ಈಗ ಸಾವಿನ ವಿಚಾರ. ಮೀನು ಕಿವಿರುಗಳಿಂದ ಸದಾ ಅಮೋನಿಯಾ ಹೊರಬಿಡುತ್ತದೆ. ಉಳಿದ ತಿಂಡಿ ಕೊಳೆತಾಗಲೂ ಹುಟ್ಟುವುದು ಅದೇ. ಅಮೋನಿಯಾಕ್ಕೆ ಬಣ್ಣವಿಲ್ಲ, ಹಾಗಾಗಿ ತಿಳಿನೀರು ಏನನ್ನೂ ಹೇಳುವುದಿಲ್ಲ. ಹೊಸ ಸಿಮೆಂಟು ಸುಣ್ಣ ಬಿಡುವುದರಿಂದ ನೀರಿನ ಕ್ಷಾರ ಏರುತ್ತದೆ. ಕ್ಷಾರ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಆಮ್ಲ-ಕ್ಷಾರ ಅಳೆಯುವ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಪಿಎಚ್ 9 ಮುಟ್ಟಿದರೆ ಮೂರನೇ ಒಂದು ಪಾಲು ವಿಷವೇ. ಹೊಸ ತೊಟ್ಟಿಗೆ ನೀರು ತುಂಬಿ, ಕೆಲವು ದಿನ ನೆನೆಸಿ, ಚೆಲ್ಲಿ, ಮತ್ತೆ ತುಂಬಬೇಕೆನ್ನುವುದು ಇದಕ್ಕೇ.

ಹಾಗಾದರೆ ಹಳೆಯ ಕೆರೆಯ ಮೀನು ಬದುಕುವುದು ಹೇಗೆ? ಈ ಗುಟ್ಟು ಬಿಡಿಸಿದ ಪ್ರಯೋಗ ನಡೆದದ್ದು ಮೀನಿಗಾಗಿ ಅಲ್ಲ, ಪ್ಯಾರಿಸ್ಸಿನ ಚರಂಡಿ ನೀರಿಗಾಗಿ. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಫ್ರೆಂಚ್ ವಿಜ್ಞಾನಿಗಳು ಮರಳು, ಸುಣ್ಣಕಲ್ಲಿನ ಪುಡಿ ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ; ಅಮೋನಿಯಾ ಹೋದಂತೆಯೇ ಹೊರಬಂತು. ಆಮೇಲೆ ಅಮೋನಿಯಾದ ಬದಲು ನೈಟ್ರೇಟ್ ಕಾಣಿಸಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯುವ ಅಗತ್ಯವೇನಿತ್ತು? ಕೊಳವೆಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದರು, ನೈಟ್ರೇಟ್ ನಿಂತಿತು. ಆವಿಯನ್ನು ತೆಗೆದರೂ ಮತ್ತೆ ಹುಟ್ಟಲಿಲ್ಲ. ತೋಟದ ಮಣ್ಣು ತೊಳೆದ ನೀರನ್ನು ಒಂದಿಷ್ಟು ಬೆರೆಸಿದಾಗ ಕೆಲಸ ಪುನಃ ಶುರುವಾಯಿತು. ಅಂದರೆ ಒಳಗೆ ದುಡಿಯುತ್ತಿದ್ದುದು ಜೀವಿಗಳು.

ನಮ್ಮ ಅಡುಗೆಮನೆಯಲ್ಲಿ ದಿನವೂ ನಡೆಯುವುದು ಇದೇ. ಕಾಯಿಸಿದ ಹಾಲನ್ನು ಎಷ್ಟು ಹೊತ್ತು ಇಟ್ಟರೂ ಒಳ್ಳೆಯ ಮೊಸರಾಗದು, ಹೆಪ್ಪು ಬೇಕು. ಆ ತೋಟದ ಮಣ್ಣಿನ ನೀರು ಕೊಳವೆಗೆ ಹಾಕಿದ ಹೆಪ್ಪು. ಆದರೆ ಹಾಲು ರಾತ್ರಿ ಕಳೆಯುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ, ತೊಟ್ಟಿಗೆ ವಾರಗಳೇ ಬೇಕು. ಹಾಲಿನ ಬ್ಯಾಕ್ಟೀರಿಯಾಗಳಿಗೆ ಊಟ ಸಿದ್ಧವಾಗಿರುತ್ತದೆ. ತೊಟ್ಟಿಯವು ಅಮೋನಿಯಾ ಉರಿಸಿ ಬಂದ ಅಲ್ಪ ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡಿನಿಂದ ತಮ್ಮ ಮೈಯನ್ನು ತಾವೇ ಕಟ್ಟಿಕೊಳ್ಳಬೇಕು. ಒಂದು ಎರಡಾಗಲು ದಿನವೇ ಹಿಡಿದರೂ ಆಶ್ಚರ್ಯವಿಲ್ಲ. ಪ್ರಯೋಗಾಲಯದ ಪೌಷ್ಟಿಕ ಜಿಲಾಟಿನ್ ಮೇಲೆ ಇವು ಬೆಳೆಯದೆ ಸತಾಯಿಸಿದ್ದವು. ಸಾವಯವ ಆಹಾರ ಕೊಡದೆ ಬೆಳೆಸುವ ಉಪಾಯ ಹೂಡಿ, 1890ರ ಹೊತ್ತಿಗೆ ಜ್ಯೂರಿಕ್‌ನಲ್ಲಿ ಇವನ್ನು ಬೇರ್ಪಡಿಸಿದವರು ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ. ಒಂದು ಬಗೆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ ಎಂದು ಅವರು ತೋರಿಸಿದರು. ನಡುವಿನ ನೈಟ್ರೈಟ್ ಕೂಡ ವಿಷ. ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ.

ಎರಡೂ ಕೆಲಸವನ್ನು ಒಂದೇ ಜೀವಿ ಮಾಡಬಲ್ಲದು ಎಂದು ತಿಳಿದದ್ದು 2015ರಲ್ಲಿ, ಎರಡು ತಂಡಗಳಿಂದ. ಒಂದು ತಂಡಕ್ಕೆ ಅದು ಸಿಕ್ಕಿದ್ದು ರಷ್ಯದ ಆಳದ ತೈಲಬಾವಿಯ ಕೊಳವೆಯಲ್ಲಿ. ಇನ್ನೊಂದಕ್ಕೆ, ನೆದರ್‌ಲ್ಯಾಂಡ್ಸ್‌ನಲ್ಲಿ, ಮೀನು ಸಾಕುವ ವ್ಯವಸ್ಥೆಯ ಫಿಲ್ಟರಿನಲ್ಲಿ! ನೂರಿಪ್ಪತ್ತೈದು ವರ್ಷ ಪಠ್ಯಪುಸ್ತಕಗಳು ಹೇಳುತ್ತಿದ್ದ ಪಾಠ ತಿದ್ದಿದ್ದು ಮೀನಿನ ತೊಟ್ಟಿಯ ಕೊಳೆ.

ನಮ್ಮ ಫಿಲ್ಟರಿಗೆ ಪೇಂಟಿನ ಖಾಲಿ ಬಕೆಟ್ಟು, ಸ್ಪಾಂಜು, ಜಲ್ಲಿಕಲ್ಲು ಸಾಕು. ಕೂಲರಿನ 18 ವ್ಯಾಟ್ ಪಂಪು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 13 ಯೂನಿಟ್ ಕರೆಂಟು. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ತಿಂಡಿ ಹಾಕಿ ಪಂಪು ಓಡಿಸಿ, ಬಾಯಿಗೆ ಸೊಳ್ಳೆಪರದೆ ಬಿಗಿಯಿರಿ. ಪರಿಚಿತರ ಮನೆಯ ಹಳೆಯ, ಆರೋಗ್ಯವಂತ ತೊಟ್ಟಿಯ ಸ್ಪಾಂಜಿನ ಚೂರು ಸಿಕ್ಕಿದರೆ ಅದೇ ಹೆಪ್ಪು. ‘ಈಗ ಸುರಿಯಿರಿ, ಈಗಲೇ ಮೀನು ಬಿಡಿ’ ಎನ್ನುವ ದುಬಾರಿ ಬಾಟಲಿಗಿಂತ ನನಗೆ ಅದರ ಮೇಲೇ ನಂಬಿಕೆ. ಫಿಲ್ಟರನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಹೆಪ್ಪು ಸಾಯುತ್ತದೆ, ತೊಟ್ಟಿಯ ನೀರಲ್ಲೇ ಹಿಂಡಿ. ನೈಟ್ರೇಟ್ ತುಂಬಿದ ನೀರನ್ನು ತಳದ ನಲ್ಲಿಯಿಂದ ಕರಿಬೇವಿಗೆ ಬಿಡಿ, ಗಿಡಕ್ಕೆ ಅದು ಗೊಬ್ಬರ.

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ಪಿಎಚ್ ಕೂಡ ಇಳಿದ ಮೇಲೆ ಮೂರೋ ನಾಲ್ಕೋ ಮೀನು ತನ್ನಿ. ಕಟ್ಟಲು ಒಂದು ವಾರ ಸಾಕು. ಕಾಯಲು ಐದಾರು ವಾರ ಇಲ್ಲದವರು ಮೀನು ತರದಿರುವುದೇ ಒಳ್ಳೆಯದು.