ಮುಂದಿನ ಚಕ್ರದ ‘ಕಟಕಟ’ಕ್ಕೆ ಕಿವಿಗೊಡಿ

ನುಣುಪಾದ ರಸ್ತೆಯಲ್ಲಿ ಸದ್ದಿಲ್ಲದೆ ಸಾಗುವ ಕಾರು, ಹೊಂಡಕ್ಕೆ ಇಳಿದಾಗ ಮಾತ್ರ ಮುಂಭಾಗದಿಂದ ‘ಕಟಕಟ’ ಎನ್ನುತ್ತದೆ. ಕೆಲವರು ಹಾಡಿನ ದನಿ ಜೋರು ಮಾಡಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ನೇರವಾಗಿ ಗ್ಯಾರೇಜಿಗೆ ಹೋಗಿ, ‘ಶಾಕ್ ಅಬ್ಸಾರ್ಬರ್ ಬದಲಿಸಿಬಿಡಿ’ ಎನ್ನುತ್ತಾರೆ. ಹಣ ಖರ್ಚಾಗುತ್ತದೆ, ಸದ್ದು ಹಾಗೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ಕಾರಣ ತಿಳಿಯದೆ ಬಿಡಿಭಾಗ ಕೊಳ್ಳುವುದು ನಷ್ಟ. ಕಾರಣ ಹುಡುಕದೆ ಮಕ್ಕಳನ್ನು ಕೂರಿಸಿಕೊಂಡು ಓಡಿಸುವುದು ಅಪಾಯ.

ಸ್ಪ್ರಿಂಗಿಗೊಂದು ಕಡಿವಾಣ

1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರನ್ನೇ ನೋಡಿ. ಅದರ ಮುಂದಿನ ಎರಡು ಚಕ್ರಗಳಿಗೂ ಒಂದೊಂದು ‘ಸ್ಟ್ರಟ್’ ಇದೆ. ಸುರುಳಿ ಸ್ಪ್ರಿಂಗ್ ಹಾಗೂ ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಕೂಡಿರುವ ಈ ಜೋಡಣೆಗೆ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿದೆ. ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿಯೂ ಇರುವುದು ಇದೇ.

ಸ್ಪ್ರಿಂಗ್ ಅದುಮಿದರೆ ಶಕ್ತಿ ಅದರಲ್ಲಿ ಸೇರುತ್ತದೆ. ಬಿಟ್ಟರೆ ಮರಳಿ ಚಿಮ್ಮುತ್ತದೆ. ತಡೆಯುವವರಿಲ್ಲದಿದ್ದರೆ ಕಾರು ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ತಡೆಯುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ಕಷ್ಟಪಟ್ಟು ನುಸುಳುವಾಗ ಆ ಶಕ್ತಿ ಶಾಖವಾಗಿ ಹೋಗುತ್ತದೆ. ಭೌತಶಾಸ್ತ್ರದ ‘ಕ್ಷೀಣಿಸುವ ಆಂದೋಲನ’ಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಎಣ್ಣೆ ಸೋರಿದರೆ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಾಕಿ ಪ್ರಯೋಜನವೇನು?

ಸ್ಟ್ರಟ್ಟಿನ ಕೆಳಗೆ, ಚಕ್ರವನ್ನು ಅತ್ತಿತ್ತ ಸರಿಯದಂತೆ ಹಿಡಿದಿಡುವ ‘ಲೋಯರ್ ಆರ್ಮ್’ ಇದೆ. ಅದರ ಒಂದು ತುದಿ ರಬ್ಬರ್ ಬುಷ್ ಮೂಲಕ ಕಾರಿನ ಒಡಲಿಗೆ, ಇನ್ನೊಂದು ತುದಿ ಬಾಲ್ ಜಾಯಿಂಟ್ ಮೂಲಕ ಚಕ್ರದ ಕಡೆಗೆ ಸೇರಿರುತ್ತದೆ. ತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ತಿರುಗುವಂಥದೇ ಕೀಲು ಇದು. ಪೂರ್ತಿ ಸವೆದರೆ ಗುಂಡು ಗುಳಿಯಿಂದ ಕಳಚಿ, ಓಡುತ್ತಿರುವಾಗಲೇ ಚಕ್ರ ಓರೆಯಾಗಿ ಮಡಚಿಕೊಳ್ಳಬಹುದು. ಆಗ ಸ್ಟಿಯರಿಂಗ್ ಯಾರ ಮಾತನ್ನೂ ಕೇಳದು.

ಪತ್ತೆದಾರಿ ಕೆಲಸ

ಮೊದಲ ಸಾಕ್ಷಿ ಟೈರು. ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆದಿದ್ದರೆ ಸಂಶಯ ಶಾಕ್ ಅಬ್ಸಾರ್ಬರ್ ಮೇಲೆ. ಒಂದೇ ಅಂಚು ಸವೆದಿದ್ದರೆ ಬುಷ್, ಕೀಲು ಅಥವಾ ವೀಲ್ ಅಲೈನ್‌ಮೆಂಟ್ ಮೇಲೆ. ಬಳಿಕ ಕಾರಿನ ಮುಂದಿನ ಮೂಲೆಯನ್ನು ಬಲವಾಗಿ ಅದುಮಿ ಕೈಬಿಡಿ. ಮೇಲೆದ್ದು ಕೂಡಲೇ ನಿಂತರೆ ಸರಿ. ಮತ್ತೆ ಮತ್ತೆ ತೂಗಿದರೆ ಶಾಕ್ ಅಬ್ಸಾರ್ಬರಿನ ಆಯುಷ್ಯ ಮುಗಿದಿದೆ. ಅದರ ಮೈಮೇಲೆ ಎಣ್ಣೆ ಜಿನುಗಿದ್ದರೂ ಅದೇ ತೀರ್ಪು.

ಇನ್ನು ಚಕ್ರವನ್ನು ಜಾಕ್‌ನಿಂದ ಎತ್ತಿ, ಭದ್ರವಾದ ಸ್ಟ್ಯಾಂಡ್ ಕೊಟ್ಟು, ಗಡಿಯಾರದ 12 ಮತ್ತು 6 ಇರುವ ಜಾಗದಲ್ಲಿ ಹಿಡಿದು ಅಲುಗಿಸಬೇಕು. ಆಡಿದರೆ ದೋಷ ಬಾಲ್ ಜಾಯಿಂಟಿನದೋ ಬೇರಿಂಗಿನದೋ? ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಆಡಿದರೆ ಸ್ಟಿಯರಿಂಗಿನ ಟೈ ರಾಡ್ ಎಂಡ್ ನೋಡಬೇಕು. ಬುಷ್ ಬಳಿ ಸಲಾಕೆಯಿಂದ ಮೀಟಿದರೆ ರಬ್ಬರಿನ ಬಿರುಕು ಬಾಯಿ ಬಿಡುತ್ತದೆ. ಬ್ರೇಕ್ ಹಾಕಿದಾಗ ‘ಧಡ್’ ಎನ್ನುವುದು ಹೆಚ್ಚಾಗಿ ಇದೇ. ನಿಂತ ಕಾರಿನ ಸ್ಟಿಯರಿಂಗ್ ತಿರುಗಿಸುವಾಗ ‘ಟಣ್’ ಎಂದರೆ ಸ್ಟ್ರಟ್ಟಿನ ತಲೆಯ ಮೇಲಿನ ಮೌಂಟ್ ಪರೀಕ್ಷಿಸಬೇಕು.

ಬದಲಿಸುವಾಗ

ಇದು ನುರಿತ ಕೈಗಳ ಕೆಲಸ. ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಕಂಪ್ರೆಸರಿನಿಂದ ಬಿಗಿಯದೆ ಸ್ಟ್ರಟ್ಟಿನ ತಲೆಯ ನಟ್ ಬಿಚ್ಚಿದರೆ, ಅದು ಗುಂಡಿನಂತೆ ಸಿಡಿದು ಪ್ರಾಣ ತೆಗೆಯಬಲ್ಲದು. ಶಾಕ್ ಅಬ್ಸಾರ್ಬರುಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಎರಡು ಬದಿಯ ನಡೆ ಬೇರೆಯಾಗುತ್ತದೆ. ಬಾಲ್ ಜಾಯಿಂಟಿನ ನಟ್ಟಿಗೆ ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಹಾಕಬಾರದು.

ಹಲವರು ಎಡವುವುದು ಬುಷ್ಷಿನಲ್ಲಿ. ಅದರ ರಬ್ಬರ್ ಬೇರಿಂಗಿನಂತೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಯೇ ಇದ್ದು ಬೇಗ ಹರಿಯುತ್ತದೆ. ಆದ್ದರಿಂದ ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ; ಅದೂ ಟಾರ್ಕ್ ರೆಂಚಿನಿಂದ, ಕಂಪನಿಯ ಕೈಪಿಡಿ ಹೇಳಿದಷ್ಟೇ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರೂ ತಿಂಗಳುಗಳಲ್ಲಿ ಸವೆದೀತು.

ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐಯ ಮೋಟಾರು ಮೆಕ್ಯಾನಿಕ್ ತರಬೇತಿಗೆ ಸೇರುವ ವಿದ್ಯಾರ್ಥಿ ಎರಡು ವರ್ಷಗಳಲ್ಲಿ ಸ್ಪ್ಯಾನರ್ ಹಿಡಿಯುವುದನ್ನಷ್ಟೇ ಕಲಿಯುವುದಿಲ್ಲ. ಒಂದು ಸದ್ದಿಗೆ ಐದು ಕಾರಣಗಳಿದ್ದರೆ, ನಾಲ್ಕನ್ನು ಪರೀಕ್ಷೆಯಿಂದ ತಳ್ಳಿಹಾಕಿ ಐದನೆಯದನ್ನು ಹಿಡಿಯುವುದೇ ಅಲ್ಲಿನ ನಿಜವಾದ ವಿದ್ಯೆ. ಕಾರು ತಂದ ಪೋಷಕರೂ ‘ಏನು ಬದಲಿಸಬೇಕು?’ ಎನ್ನುವ ಮೊದಲು ‘ಅದೇ ಕೆಟ್ಟಿದೆಯೆಂದು ಹೇಗೆ ಗೊತ್ತಾಯಿತು?’ ಎಂದು ಕೇಳಲಿ. ಒಳ್ಳೆಯ ಮೆಕ್ಯಾನಿಕ್ ಚಕ್ರ ಅಲುಗಿಸಿ ತೋರಿಸಿಯೇ ಉತ್ತರ ಕೊಡುತ್ತಾನೆ.