ಸಿಗಡಿ ಮರಿ ಖರೀದಿ: ಪ್ರಯೋಗಾಲಯದ ವರದಿಯ ವಾಣಿಜ್ಯ ಮಹತ್ವ

ಕಿತ್ತೂರು, ಬೈಲಹೊಂಗಲ, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳು ಮಲಪ್ರಭಾ ನದಿಯ ಆಶ್ರಯದಲ್ಲಿವೆ. ನವಿಲುತೀರ್ಥದ ಜಲಾಶಯ, ಕೆರೆಗಳು ಮತ್ತು ಕೃಷಿ ಹೊಂಡಗಳಿರುವ ಈ ಸೀಮೆಯಲ್ಲಿ ಮೀನಿನ ಜೊತೆಗೆ ಸಿಹಿನೀರಿನ ಸಿಗಡಿಯನ್ನೂ ಸಾಕಿ ಮಾರಬಹುದೆಂಬ ಆಲೋಚನೆ ಉದ್ಯಮಶೀಲರಿಗೆ ಬರುವುದು ಸಹಜ. ಆದರೆ ಈ ವ್ಯವಹಾರದಲ್ಲಿ ಹಾಕಿದ ಬಂಡವಾಳದ ಅಳಿವು ಉಳಿವು ಬಹುಮಟ್ಟಿಗೆ ಒಂದು ಕಾಗದವನ್ನು ಅವಲಂಬಿಸಿದೆ. ಅದೇ ಮರಿಗಳ ರೋಗಪರೀಕ್ಷಾ ವರದಿ.

ರೋಗ ಬರುವ ದಾರಿ

ಸಿಹಿನೀರಿನ ದೊಡ್ಡ ಸಿಗಡಿಯು ಬೆಳೆಯುವುದು ಸಿಹಿನೀರಿನಲ್ಲಾದರೂ ಅದರ ಎಳೆಯ ಮರಿಗಳು ಬದುಕಲು ಉಪ್ಪಿನಂಶವುಳ್ಳ ಚೌಳು ನೀರು ಬೇಕು. ಆದುದರಿಂದ ಮಲಪ್ರಭೆಯ ನೀರಿನಲ್ಲಿ ಅದು ತಾನಾಗಿ ಸಂತಾನ ಬೆಳೆಸಲಾರದು. ಮರಿಗಳನ್ನು ಹ್ಯಾಚರಿಗಳಿಂದ ಕೊಂಡು ತರಲೇಬೇಕು. ಮರಿಯ ಜೊತೆಗೆ ರೋಗವೂ ಬರುವುದು ಈ ದಾರಿಯಲ್ಲಿಯೇ.

ಇವುಗಳಲ್ಲಿ ಪ್ರಮುಖವಾದುದು ಬಿಳಿಬಾಲ ರೋಗ. ಇದು 1990ರ ದಶಕದಲ್ಲಿ ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಮೊದಲು ವರದಿಯಾಯಿತು. 2001ರ ಸುಮಾರಿಗೆ ಆಂಧ್ರಪ್ರದೇಶ ಮತ್ತು ತಮಿಳುನಾಡಿನಲ್ಲಿಯೂ ಕಾಣಿಸಿಕೊಂಡಿತು. ನೋಡಾವೈರಸ್ ತಗುಲಿದ ಮರಿಗಳ ಬಾಲದ ಮಾಂಸವು ಬೆಳ್ಳಗಾಗಿ, ಕೆಲವೇ ದಿನಗಳಲ್ಲಿ ಇಡೀ ತಂಡವೇ ನಾಶವಾಗಬಹುದು. ಬಲಿತ ಸಿಗಡಿ ಸಾಯದಿದ್ದರೂ ವೈರಸ್ಸನ್ನು ಹೊತ್ತಿದ್ದು ತನ್ನ ಸಂತತಿಗೆ ದಾಟಿಸಬಲ್ಲದು. ಇದಕ್ಕೆ ಔಷಧವಿಲ್ಲ. ಮನುಷ್ಯರಿಗೆ ಈ ರೋಗ ತಗಲುವುದಿಲ್ಲ. ಆಗುವ ಹಾನಿಯೆಲ್ಲ ಸಾಕಣೆದಾರನದು.

ಚಕ್ರಬಡ್ಡಿಯಂಥ ಪರೀಕ್ಷೆ

ಆರೋಗ್ಯವಾಗಿ ಕಾಣುವ ಮರಿಯಲ್ಲಿ ವೈರಸ್ ಇದೆಯೇ ಎಂಬುದನ್ನು ಕಣ್ಣು ಹೇಳಲಾರದು. ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ-ಪಿಸಿಆರ್ ವಿಧಾನವನ್ನೇ ಇಲ್ಲಿಯೂ ಅನುಸರಿಸಲಾಗುತ್ತದೆ. ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ರೂಪಕ್ಕೆ ತಂದು, ಅದರ ಒಂದು ತುಣುಕನ್ನು ಪ್ರತಿ ಆವರ್ತನದಲ್ಲಿ ಇಮ್ಮಡಿಗೊಳಿಸಲಾಗುತ್ತದೆ. ಚಕ್ರಬಡ್ಡಿಯ ಲೆಕ್ಕ ಬಲ್ಲ ವ್ಯಾಪಾರಸ್ಥರಿಗೆ ಇದರ ಶಕ್ತಿ ತಿಳಿದೀತು: 30 ಆವರ್ತನಗಳಲ್ಲಿ ಒಂದು ಪ್ರತಿಯು 100 ಕೋಟಿಗೂ ಮಿಗಿಲಾಗಬಲ್ಲದು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ಭಾರತದ ಕರಾವಳಿಯ ಸಿಗಡಿ ಕೊಳಗಳನ್ನು ಹಾಳುಗೆಡವಿದಾಗ, 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಪಿಸಿಆರ್ ಮೂಲಕ ಆ ವೈರಸ್ಸನ್ನು ಪತ್ತೆಮಾಡಿದರು. ಸಾಕಿದ ಸಿಗಡಿಗಳಲ್ಲಿ ಮಾತ್ರವಲ್ಲದೆ ನೈಸರ್ಗಿಕ ನೀರಿನ ಚಿಪ್ಪುಜೀವಿಗಳಲ್ಲಿಯೂ ಅದು ಇದೆಯೆಂದು ಅವರ 1999ರ ಅಧ್ಯಯನ ತೋರಿಸಿತು.

ಅಂತರರಾಷ್ಟ್ರೀಯ ನಿಗಾ

1924ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾಗಿ, 2022ರಿಂದ ಡಬ್ಲ್ಯುಓಎಎಚ್ ಎಂಬ ಹೊಸ ಸಂಕ್ಷಿಪ್ತನಾಮದಿಂದ ಕರೆಯಲ್ಪಡುತ್ತಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು, ಸದಸ್ಯ ರಾಷ್ಟ್ರಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಜಲಪ್ರಾಣಿ ರೋಗಗಳ ಪಟ್ಟಿಯನ್ನೂ ಪರೀಕ್ಷಾ ವಿಧಾನಗಳ ಕೈಪಿಡಿಯನ್ನೂ ಪ್ರಕಟಿಸುತ್ತದೆ. ಬಿಳಿಚುಕ್ಕೆ, ಬಿಳಿಬಾಲ ರೋಗಗಳೆರಡೂ ಈ ಪಟ್ಟಿಯಲ್ಲಿವೆ. ಬಿಳಿಬಾಲ ರೋಗಕ್ಕೆ ಈ ಸಂಸ್ಥೆಯ ಉಲ್ಲೇಖ ಪ್ರಯೋಗಾಲಯವೆಂಬ ಮಾನ್ಯತೆ ದೊರೆತದ್ದು ತಮಿಳುನಾಡಿನ ಮೇಲ್ವಿಶಾರಂನ ಸಿ. ಅಬ್ದುಲ್ ಹಕೀಂ ಕಾಲೇಜಿಗೆ. ಭಾರತದಲ್ಲಿ ಲಕ್ನೋದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋದ ಸಮನ್ವಯದಲ್ಲಿ 2013ರಲ್ಲಿ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮ ಆರಂಭವಾಯಿತು. ರೈತರು ತಾವೇ ರೋಗವನ್ನು ವರದಿ ಮಾಡಲು 2023ರಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ಮೊಬೈಲ್ ಆ್ಯಪ್ ಬಿಡುಗಡೆಯಾಯಿತು.

1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ನೈರ್ಮಲ್ಯ ಒಪ್ಪಂದವು ಪ್ರಾಣಿರೋಗಗಳ ವಿಷಯದಲ್ಲಿ ಈ ಪ್ಯಾರಿಸ್ ಸಂಸ್ಥೆಯ ಮಾನದಂಡಗಳನ್ನೇ ಆಧಾರವಾಗಿ ಸ್ವೀಕರಿಸಿದೆ. ಹೀಗಾಗಿ ರೋಗದ ವರದಿಯು ವ್ಯಾಪಾರದ ವಿಷಯವೂ ಹೌದು. ಸಿಗಡಿ ಸಾಕದವರಿಗೂ ಇದು ಸಂಬಂಧಿಸಿದ್ದೇ. ಬೈಲಹೊಂಗಲ ಭಾಗದ ಮುಖ್ಯ ಬೆಳೆಗಳಲ್ಲಿ ಸೋಯಾ ಅವರೆ ಒಂದು. ಸೋಯಾ ಹಿಂಡಿಯು ಸಿಗಡಿ ಆಹಾರದ ಪ್ರಮುಖ ಘಟಕ. ಕೊಳಗಳು ರೋಗದಿಂದ ಬರಿದಾದರೆ ಆಹಾರದ ಬೇಡಿಕೆಯೂ ತಗ್ಗುತ್ತದೆ.

ವರದಿಯಲ್ಲಿ ನೋಡಬೇಕಾದುದು

'ರೋಗವಿಲ್ಲ' ಎಂಬ ಒಂದೇ ಮಾತಿಗೆ ತೃಪ್ತರಾಗಬಾರದು. ಯಾವ ರೋಗಕ್ಕೆ, ಯಾವ ವಿಧಾನದಿಂದ, ಯಾವ ದಿನಾಂಕದಂದು, ಯಾವ ತಂಡದ ಎಷ್ಟು ಮರಿಗಳನ್ನು ಪರೀಕ್ಷಿಸಲಾಯಿತು ಎಂಬುದು ಸ್ಪಷ್ಟವಾಗಿರಬೇಕು. ಸಂಖ್ಯೆಯೇ ಇಲ್ಲಿ ಮುಖ್ಯ. ದೊಡ್ಡ ತಂಡವೊಂದರಲ್ಲಿ ಶೇ. 10ರಷ್ಟು ಮರಿಗಳಿಗೆ ಸೋಂಕಿದ್ದರೆ ಅದನ್ನು ಶೇ. 95ರ ಭರವಸೆಯಿಂದ ಪತ್ತೆಮಾಡಲು ಸುಮಾರು 30 ಮರಿಗಳು ಸಾಕು, ಸೋಂಕು ಶೇ. 2ರಷ್ಟೇ ಇದ್ದರೆ ಸುಮಾರು 150 ಬೇಕು. ಐದಾರು ಮರಿಗಳ ಪರೀಕ್ಷೆಯನ್ನು ಆಧರಿಸಿದ ವರದಿಗೆ ಹೆಚ್ಚಿನ ಬೆಲೆ ಇಲ್ಲ.

ಮರಿಗಳ ಒಪ್ಪಂದಕ್ಕೆ ಮುಂಗಡ ನೀಡುವ ಮುನ್ನವೇ ಈ ಷರತ್ತನ್ನು ಬರಹದಲ್ಲಿ ಸೇರಿಸುವುದು ಕ್ಷೇಮ. ಕೊಳಕ್ಕೆ ಬಿಟ್ಟ ಮೇಲೆ ಪರೀಕ್ಷಿಸಿದರೆ ನಷ್ಟದ ಕಾರಣ ತಿಳಿದೀತೇ ಹೊರತು ನಷ್ಟ ತಪ್ಪುವುದಿಲ್ಲ.