ಕಡಲತಡಿಗೆ ಸಲ್ಲಬೇಕಾದ ಉಸುಕು

ಜಾಲಹಳ್ಳಿಯ ಗೃಹಸ್ಥರಿಗೆ ಕಡಲು ದೂರವಾದರೂ ಉಸುಕು ದೂರದ ವಸ್ತುವಲ್ಲ. ದೇವದುರ್ಗ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ಕೃಷ್ಣೆಯ ಉಸುಕಿನಿಂದ ಎಷ್ಟೋ ಮನೆಗಳು ಎದ್ದಿವೆ. ಆದರೆ ಆ ಉಸುಕಿನಲ್ಲಿ ಕಡಲತೀರಕ್ಕೂ ಪಾಲುಂಟು. ಕೃಷ್ಣೆಯು ಮೂಡಣ ಕಡಲಿಗೂ ನೇತ್ರಾವತಿಯು ಪಡುವಣ ಕಡಲಿಗೂ ಒಯ್ಯುವ ಮಳಲನ್ನು ಅಲೆಗಳು ದಂಡೆಯುದ್ದಕ್ಕೂ ಹಂಚುವುವು. ಅಣೆಕಟ್ಟಿನಲ್ಲಿ ಅದು ನಿಂತುಹೋದರೆ, ನದೀಪಾತ್ರದಲ್ಲಿಯೇ ಅದನ್ನು ಬಗೆದೊಯ್ದರೆ, ಅಥವಾ ಅಳಿವೆಯ ಕಲ್ಲುಕಟ್ಟೆ ಅದರ ದಾರಿಗೆ ಅಡ್ಡವಾದರೆ, ತೀರವು ಸವೆಯತೊಡಗುವುದು.

ಮಂಗಳೂರಿನ ಬಳಿ, ನೇತ್ರಾವತಿಯ ಅಳಿವೆಗೆ ತೆಂಕಣದಲ್ಲಿರುವ ಉಳ್ಳಾಲದಲ್ಲಿ ಮಳೆಗಾಲದ ತೆರೆಗಳು ಮನೆಗಳನ್ನೂ ತೆಂಗಿನ ಮರಗಳನ್ನೂ ಕಬಳಿಸಿವೆ. ಅಲ್ಲಿ ಬಂಡೆಗಲ್ಲುಗಳನ್ನು ಒಡ್ಡಿದ್ದುಂಟು. ಆದರೆ ಕಲ್ಲಿಗೆ ಬಡಿದು ಹಿಂದಿರುಗುವ ಅಲೆಯು ಅದರ ಬುಡದ ಮಳಲನ್ನೇ ಸೆಳೆದೊಯ್ಯುವುದು. ಆದುದರಿಂದ ಏಷ್ಯಾ ಅಭಿವೃದ್ಧಿ ಬ್ಯಾಂಕು 2010ರಲ್ಲಿ ಸಾಲ ಮಂಜೂರು ಮಾಡಿದ ಯೋಜನೆಯಲ್ಲಿ, ಅಲೆಯ ಬಲವನ್ನು ದೂರದಲ್ಲಿಯೇ ಮುರಿಯುವ ದಿಬ್ಬಗಳನ್ನು ಕಡಲೊಳಗೆ ಕಟ್ಟುವ ಕ್ರಮವನ್ನು ಕೈಗೊಂಡರು.

ಇನ್ನೊಂದು ಉಪಾಯವೆಂದರೆ, ಆಳಗಡಲಿನ ತಳದ ಮಳಲನ್ನು ಹಡಗಿನಿಂದ ಹೀರಿ ತಂದು ದಂಡೆಗೆ ಸುರಿಯುವುದು. ಹಾಲೆಂಡಿನವರು 2011ರಲ್ಲಿ 2 ಕೋಟಿ ಘನಮೀಟರಿಗೂ ಮಿಕ್ಕ ಮಳಲನ್ನು ಒಂದೇ ಕಡೆ ಸುರಿದು, ಅದನ್ನು ಹಂಚುವ ಕೆಲಸವನ್ನು ಗಾಳಿಗೂ ಅಲೆಗೂ ಬಿಟ್ಟರು.

ಆದರೆ ದಡದ ಬಳಿಯ ತೆಳುನೀರು ಬರಿದಾದ ಸ್ಥಳವಲ್ಲ. ಅಲ್ಲಿನ ಮಳಲಿನಲ್ಲಿ ಮರುವಾಯಿ, ಏಡಿ, ಹುಳುಗಳು ವಾಸಿಸುವುವು. ಇವನ್ನುಂಡು ಮೀನುಗಳು ಬದುಕುವುವು. ಆ ಮೀನುಗಳಿಂದ ಬೆಸ್ತರ ಮನೆಯ ಒಲೆ ಉರಿಯುವುದು. ಆದುದರಿಂದ ಕೆಲವು ನಿಯಮಗಳು ಅವಶ್ಯ. ದಡದ ಸಮೀಪದಲ್ಲಿ ಮಳಲನ್ನು ತೋಡಬಾರದು; ತೋಡಿದರೆ ದಂಡೆಯ ಮಳಲೇ ಜಾರಿ ಆ ಕುಳಿಯನ್ನು ತುಂಬುವುದು. ತಂದ ಮಳಲಿನ ಕಣವು ಸ್ಥಳದ ಕಣವನ್ನು ಹೋಲಬೇಕು. ಅತಿ ನುಣುಪಾದದ್ದು ಬೇಗನೆ ಕೊಚ್ಚಿಹೋಗುವುದು, ಕೆಸರು ಬೆರೆತದ್ದು ನೀರನ್ನು ಕದಡಿ ಜೀವಿಗಳ ಉಸಿರು ಕಟ್ಟಿಸುವುದು. ಇಡೀ ದಂಡೆಯನ್ನು ಒಮ್ಮೆಗೇ ಮುಚ್ಚದೆ ನಡುನಡುವೆ ಜಾಗ ಬಿಟ್ಟರೆ, ಉಳಿದ ಜೀವಿಗಳು ಅಲ್ಲಿಂದ ಮತ್ತೆ ಹರಡಲು ಸಾಧ್ಯವಾಗುವುದು. ಚಳಿಗಾಲದಲ್ಲಿ ಕಡಲಾಮೆಗಳು ನಮ್ಮ ಕರಾವಳಿಗೆ ಬಂದು ಮೊಟ್ಟೆಯಿಡುವಾಗ ಕೆಲಸವನ್ನು ನಿಲ್ಲಿಸತಕ್ಕದ್ದು.

ಇಷ್ಟು ಮಾಡಿದರೂ ಸುರಿದ ಮಳಲು ಶಾಶ್ವತವಾಗಿ ನಿಲ್ಲದು. ಕೆಲವು ವರ್ಷಗಳಿಗೊಮ್ಮೆ ಮತ್ತೆ ಸುರಿಯಬೇಕಾಗುವುದು, ಅದಕ್ಕೆ ಹಣವೂ ಬೇಕು. ಇದನ್ನು ಬಲ್ಲ ನಾವು ಕೃಷ್ಣೆಯ ಉಸುಕನ್ನು ಮಿತವಾಗಿ ಬಳಸುವುದು ನಮ್ಮ ಬಾವಿಗಳ ಜಲಕ್ಕೆ ಹಿತ. ದೂರದ ತಡಿಯಲ್ಲಿ ಮನೆ ಮಾಡಿಕೊಂಡಿರುವವರಿಗೂ ಉಪಕಾರ.